ಕರಗದ ನೂರೈವತ್ತು

ದಾವಣಗೆರೆಯಲ್ಲಿದ್ದುಕೊಂಡು ಕೊಲೆಸ್ಟ್ರಾಲ್ ಎಂಬ ಮಾತನ್ನು ಬಾಯಿಬಿಟ್ಟು ಆಡುವುದು ಊರಿಗೆ ಬಗೆದ ದ್ರೋಹವೇ ಸರಿ. ಬೆಳಗಾಗುವುದರೊಳಗೆ ಕಾವಲಿಯ ಮೇಲೆ ಬೆಣ್ಣೆ ಚುರ್ರೆನ್ನುವ ಊರು ಇದು. ಮದುವೆಯಾಗಿ ಬಂದ ಹೊಸತರಲ್ಲಿ, ದೋಸೆಯ ಮೇಲಿದ್ದ ಬೆಣ್ಣೆಯ ಉಂಡೆಯನ್ನು ನಾನು ಮೆಲ್ಲಗೆ ತಟ್ಟೆಯ ಅಂಚಿಗೆ ಸರಿಸಿದಾಗ ನಮ್ಮ ಮಾವನವರು ನೋಡಿದ ನೋಟ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಆ ನೋಟಕ್ಕೆ ಹೆದರಿ ಬೆಣ್ಣೆ ತಿನ್ನಲು ಕಲಿತವಳು ಆಮೇಲೆ ಯಾರ ನೋಟಕ್ಕೂ ಹೆದರಿ ಬಿಡಲಿಲ್ಲ. ಎರಡು ಬಾಣಂತನ, ಕೆಟ್ಟುಹೋಗಬಾರದೆಂದು ತಿಂದು ಮುಗಿಸಿದ ಪಲ್ಯ, ಮಕ್ಕಳು ತಟ್ಟೆಯಲ್ಲಿ ಬಿಟ್ಟೆದ್ದ ಚಪಾತಿ ಚೂರು ಎಲ್ಲ ಸೇರಿ, ಐವತ್ತೆರಡು ತುಂಬುವ ಹೊತ್ತಿಗೆ ಐದಡಿ ಒಂದಂಗುಲದ ನಾನು 74 ಕಿಲೋ ಆಗಿದ್ದೆ.

2016ರ ಜೂನ್‌ನಲ್ಲಿ ನಮ್ಮವರ ಕಚೇರಿಯವರು ಮನೆಮಂದಿಗೆಲ್ಲ ಪುಕ್ಕಟೆ ರಕ್ತಪರೀಕ್ಷೆ ಮಾಡಿಸಿದರು. ಪುಕ್ಕಟೆ ಎಂದರೆ ನಾವು ಬಿಡುವವರಲ್ಲ. ಹೋಗಿ ತೋಳು ಚಾಚಿ ಬಂದೆವು. ವಾರಕ್ಕೆ ನಾಲ್ಕು ದಿನ ಹೋಟೆಲಿನ ದೋಸೆ ತಿನ್ನುವ ನಮ್ಮವರ ರಿಪೋರ್ಟು ಗಂಗಾಜಲದಂತೆ ನಿರ್ಮಲವಾಗಿತ್ತು. ನನ್ನದರ ತುಂಬ ನಕ್ಷತ್ರಗಳು. ಒಟ್ಟು ಕೊಲೆಸ್ಟ್ರಾಲ್ 238, ಟ್ರೈಗ್ಲಿಸರೈಡ್ 240, ಒಳ್ಳೆಯದೆನ್ನಿಸಿಕೊಂಡ ಎಚ್‌ಡಿಎಲ್ 40, ಕೆಟ್ಟದೆನ್ನಿಸಿಕೊಂಡ ಎಲ್‌ಡಿಎಲ್ 150. “ಶಾಲೆಯಲ್ಲೂ ನಿನಗೆ ಇಷ್ಟು ಅಂಕ ಬಂದಿರಲಿಕ್ಕಿಲ್ಲ” ಎಂದರು ನಮ್ಮವರು. ಹೆಂಡತಿಯ ಕಾಯಿಲೆ ಇನ್ನೂ ಕಾಗದದ ಮೇಲಷ್ಟೇ ಇರುವಾಗ ಗಂಡಸರಿಗೆ ಹಾಸ್ಯ ಚೆನ್ನಾಗಿ ಬರುತ್ತದೆ.

ಡಾಕ್ಟರಮ್ಮ ಹಾಸ್ಯ ಮಾಡಲಿಲ್ಲ. ಮುಟ್ಟು ನಿಂತ ಮೇಲೆ ಹೆಂಗಸರಿಗೆ ಎಲ್‌ಡಿಎಲ್ ಏರುವುದು ಸಾಮಾನ್ಯ ಎಂದರು. ತೂಕ ಎತ್ತರಗಳ ಲೆಕ್ಕ ಹಾಕಿ, ನಮ್ಮ ದೇಶದವರಿಗೆ ಆ ಸಂಖ್ಯೆ 23ರೊಳಗಿರಬೇಕು, 25 ದಾಟಿದರೆ ಬೊಜ್ಜು, ನಿಮ್ಮದು 31ರ ಹತ್ತಿರ ಇದೆ ಎಂದರು. ಮಾತ್ರೆ ಈಗಲೇ ಬೇಡ, ಬೆಣ್ಣೆ ಕಡಿಮೆ ಮಾಡಿ ಮೂರು ತಿಂಗಳು ನಡೆಯಿರಿ, ವಾರಕ್ಕೆ 150 ನಿಮಿಷವಾದರೂ ಆಗಬೇಕು, ಆಮೇಲೆ ಇನ್ನೊಂದು ಸಲ ರಕ್ತ ನೋಡಿ ಯೋಚಿಸೋಣ ಎಂದರು.

“ಮನೆಗೆಲಸ ಎಲ್ಲ ನಾನೇ ಮಾಡೋದು ಡಾಕ್ಟ್ರೇ. ಬೆಳಿಗ್ಗೆಯಿಂದ ರಾತ್ರಿವರೆಗೆ ನಿಂತೇ ಇರ್ತೀನಿ.”

“ನಿಲ್ಲೋದು ಬೇರೆ, ನಡೆಯೋದು ಬೇರೆ ಅಮ್ಮ. ನಡೀವಾಗ ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು. ಅಷ್ಟು ಬಿರುಸಾಗಿ ನಡೀಬೇಕು.”

ಇದಕ್ಕೆ ಏರೋಬಿಕ್ಸ್ ಎಂದು ಹೆಸರಂತೆ. ನನಗೆ ನಗು ಬಂತು. ಏರೋಬಿಕ್ಸ್ ಎಂದರೆ ಟೀವಿಯಲ್ಲಿ ಮೈಗಂಟಿದ ಉಡುಪು ತೊಟ್ಟ ಹುಡುಗಿಯರು ಸಂಗೀತಕ್ಕೆ ಸರಿಯಾಗಿ ಕುಣಿಯುವುದು ಎಂದೇ ನಾನು ತಿಳಿದಿದ್ದೆ. ಆಮೇಲೆ ಗೊತ್ತಾಯಿತು, ಆ ಮಾತನ್ನು ಜನರ ಬಾಯಿಗೆ ತಂದವರು ಅಮೆರಿಕದ ವಾಯುಸೇನೆಯಲ್ಲಿ ವೈದ್ಯರಾಗಿದ್ದ ಕೆನೆತ್ ಕೂಪರ್. 1968ರಲ್ಲಿ ಅದೇ ಹೆಸರಿನ ಪುಸ್ತಕ ಬರೆದರು. ಕುಣಿಯಬೇಕೆಂದೇನೂ ಇಲ್ಲ. ಕಾಲಿನಂಥ ದೊಡ್ಡ ಸ್ನಾಯುಗಳನ್ನು ಬಿಡುವಿಲ್ಲದೆ ಒಂದಿಷ್ಟು ಹೊತ್ತು ದುಡಿಸಿ, ಉಸಿರು ಎಳೆದುಕೊಂಡ ಆಮ್ಲಜನಕದಲ್ಲೇ ಆ ಕೆಲಸ ಸಾಗಿದರೆ ಆಯಿತು, ಅದೇ ಏರೋಬಿಕ್ಸ್. ನೀರು ಸೇದಿ, ಹೊಲಕ್ಕೆ ಬುತ್ತಿ ಹೊತ್ತು ನಡೆದ ನಮ್ಮಜ್ಜಿ ಹೆಸರು ಗೊತ್ತಿಲ್ಲದೆಯೇ ಅದನ್ನು ಮಾಡಿಕೊಂಡಿದ್ದಳು.

ಅದಕ್ಕೂ ಮೊದಲಿನ ಒಂದು ಕತೆ ನನಗೆ ಬಹಳ ಹಿಡಿಸಿತು. ಲಂಡನ್ನಿನಲ್ಲಿ ಜೆರೆಮಿ ಮಾರಿಸ್ ಎಂಬ ವೈದ್ಯರು ಎರಡಂತಸ್ತಿನ ಬಸ್ಸುಗಳ ಡ್ರೈವರುಗಳನ್ನೂ ಕಂಡಕ್ಟರುಗಳನ್ನೂ ಹೋಲಿಸಿ ನೋಡಿದರು. ಇಬ್ಬರೂ ಒಂದೇ ಬಸ್ಸಿನವರು. ಆದರೆ ಒಬ್ಬ ದಿನವಿಡೀ ಕೂತವನು, ಇನ್ನೊಬ್ಬ ದಿನಕ್ಕೆ ಐದುನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿಳಿದು ಟಿಕೆಟ್ ಹರಿದವನು. ಹೃದಯದ ಕಾಯಿಲೆ ಡ್ರೈವರುಗಳಲ್ಲಿ ಹೆಚ್ಚು, ಕಂಡಕ್ಟರುಗಳಲ್ಲಿ ಕಡಿಮೆ ಎಂದು 1953ರಲ್ಲಿ ಅವರು ಬರೆದರು. ಅಂದಿನಿಂದ ಬಸ್ಸು ಹತ್ತಿದಾಗಲೆಲ್ಲ ನನ್ನ ಕಣ್ಣು ಡ್ರೈವರನ ಹೊಟ್ಟೆಯ ಕಡೆಗೇ ಹೋಗುತ್ತದೆ.

ಅಂತೂ ನಡೆಯತೊಡಗಿದೆ. ಸೀರೆಯ ಕೆಳಗೆ ಕ್ಯಾನ್‌ವಾಸ್ ಷೂ. ಮೊದಲ ದಿನ ಬೀದಿಯ ನಾಯಿಯೂ ಗುರುತು ಹಿಡಿಯದೆ ಬೊಗಳಿತು. ಕುಂದವಾಡ ಕೆರೆಯ ಏರಿಯ ಮೇಲೆ ನಮ್ಮ ಬಡಾವಣೆಯ ಹೆಂಗಸರ ಗುಂಪೊಂದು ಮೊದಲೇ ನಡೆಯುತ್ತಿತ್ತು. ಅದನ್ನು ಸೇರಿಕೊಂಡೆ. ಅವರ ನಡಿಗೆಯೋ, ಗುಡಿಯ ಪ್ರದಕ್ಷಿಣೆಗಿಂತ ಒಂದು ಗುಂಜಿ ಜೋರು. ಸೊಸೆಯ ವಿಷಯ ಬಂದರೆ ಎಲ್ಲರೂ ನಿಂತೇ ಬಿಡುತ್ತಿದ್ದರು. ಮಾತಾಡುವುದಿರಲಿ, ಕೀರ್ತನೆಯನ್ನೇ ಹಾಡಬಹುದಿತ್ತು. ವಾಕಿಂಗ್ ಮುಗಿದ ಮೇಲೆ ಒಂದೊಂದು ದೋಸೆ ಎಂಬ ಪದ್ಧತಿಯೂ ಇತ್ತು. ಹದಿನೈದು ದಿನ ನೋಡಿ, ಗುಂಪು ಬಿಟ್ಟು ಒಬ್ಬಳೇ ಬೀಸು ಹೆಜ್ಜೆ ಹಾಕಿದೆ. ದಿನಕ್ಕೆ ಮುಕ್ಕಾಲು ಗಂಟೆ, ವಾರಕ್ಕೆ ಐದು ದಿನ, ಕೆಲವೊಮ್ಮೆ ಆರು. “ಇವಳಿಗೆ ಜಂಬ” ಎಂದರಂತೆ. ಇತ್ತು ಕೂಡ.

ಸೆಪ್ಟೆಂಬರ್ ಕೊನೆಗೆ ಮತ್ತೆ ರಕ್ತ ಕೊಟ್ಟೆ. ರಿಪೋರ್ಟು ಕೈಗೆ ಬಂದಾಗ ಅಂಗಡಿಯ ಬಾಗಿಲಲ್ಲೇ ನಿಂತು ಓದಿದೆ. ಒಟ್ಟು ಕೊಲೆಸ್ಟ್ರಾಲ್ 238ರಿಂದ 230. ಟ್ರೈಗ್ಲಿಸರೈಡ್ 240ರಿಂದ 185! ಎಚ್‌ಡಿಎಲ್ 40 ಇದ್ದದ್ದು 43. ನನಗಿಷ್ಟು ಸಾಕಾಯಿತು. ಕಾಗದ ಮಡಚಿ ಬ್ಯಾಗಿಗೆ ತುರುಕಿದೆ. ಡಾಕ್ಟರಮ್ಮನಿಗೆ ತೋರಿಸುವ ಪ್ರಮೇಯವೇ ಬರಲಿಲ್ಲ. ಗೆದ್ದವಳು ಯಾಕೆ ಹೋಗಿ ಇನ್ನೊಮ್ಮೆ ಫೀಜು ಕೊಡಬೇಕು?

ಮನೆಗೆ ಬಂದವಳೇ ಚಿತ್ರದುರ್ಗದಲ್ಲಿದ್ದ ಅಕ್ಕನಿಗೆ ಫೋನು ಮಾಡಿದೆ. ಅಕ್ಕ ನನಗಿಂತ ಆರು ವರ್ಷ ದೊಡ್ಡವಳು, ನನಗಿಂತ ಹತ್ತು ಕಿಲೋ ಹಗುರ. ಆದರೂ ಅವಳ ಎಲ್‌ಡಿಎಲ್ ನನ್ನದಕ್ಕಿಂತ ಹೆಚ್ಚಿತ್ತು. ಬಿಪಿಯೂ ಇತ್ತು. ಎರಡು ವರ್ಷದಿಂದ ರಾತ್ರಿ ಊಟವಾದ ಮೇಲೆ ಕೊಲೆಸ್ಟ್ರಾಲಿನ ಮಾತ್ರೆ ನುಂಗುತ್ತಿದ್ದಳು.

“ಬರೀ ನಡೆದೇ ಇಳಿಸಿದೆ ಅಕ್ಕ. ಒಂದೇ ಒಂದು ಮಾತ್ರೆ ಇಲ್ಲ.”

“ಹೌದೇನೇ? ನಾನು ನೋಡು, ಈ ಮಾತ್ರೆ ಶುರು ಮಾಡಿದಾಗಿನಿಂದ ತೊಡೆಯೆಲ್ಲ ನೋವು. ಯಾಕಾದರೂ ನುಂಗ್ತೀನೋ ಅನ್ನಿಸುತ್ತೆ.”

“ನುಂಗಬೇಡ ಬಿಡು. ನೀನೂ ನಡಿ.”

ಇಷ್ಟೇ ನಾನು ಹೇಳಿದ್ದು. ಹೇಳಿ, ಒಲೆಯ ಮೇಲಿದ್ದ ಹಾಲು ಉಕ್ಕುತ್ತದೆಂದು ಫೋನಿಟ್ಟೆ.

ಅಕ್ಕ ಯಾವುದನ್ನೂ ಅರೆಬರೆ ಮಾಡುವವಳಲ್ಲ. ಮರುದಿನದಿಂದಲೇ ಕೋಟೆಯ ಕಡೆಗೆ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ನಡೆಯತೊಡಗಿದಳು. ಮಾತ್ರೆ ನಿಲ್ಲಿಸಿದಳು. ತೊಡೆಯ ನೋವು ಹೋಯಿತು. ಸಂಕ್ರಾಂತಿಗೆ ಬಂದಾಗ ಮುಖ ಕಳೆಕಳೆಯಾಗಿತ್ತು. “ನೀನು ಹೇಳಿದ್ದು ಒಳ್ಳೆಯದಾಯಿತು ಕಣೇ” ಎಂದು ಎಳ್ಳುಬೆಲ್ಲ ಕೊಟ್ಟಳು. ನಾನು ಸಂಭ್ರಮದಿಂದಲೇ ಇಸಕೊಂಡೆ.

2017ರ ಮೇ ತಿಂಗಳ ಒಂದು ಮಧ್ಯಾಹ್ನ ಅಕ್ಕನಿಗೆ ದವಡೆ ನೋಯತೊಡಗಿತಂತೆ. ಹಲ್ಲಿರಬೇಕೆಂದು ಲವಂಗ ಇಟ್ಟುಕೊಂಡಳು. ಬೆನ್ನು ಹಿಡಿಯಿತು. ಬಿಸಿಲಿಗೆ ಪಿತ್ತವಾಗಿದೆಯೆಂದು ನಿಂಬೆಹಣ್ಣಿನ ಸೋಡ ಕುಡಿದಳು. ಮೈಯೆಲ್ಲ ತಣ್ಣನೆ ಬೆವತು ವಾಂತಿ ಬಂದಾಗಲೂ ಎದೆ ನೋವಿಲ್ಲವಲ್ಲ, ಗ್ಯಾಸಿರಬೇಕು ಎಂದಳಂತೆ. ಹೆಂಗಸರ ಹೃದಯ ಎಷ್ಟೋ ಸಲ ಎದೆಯನ್ನು ಬಿಟ್ಟು ದವಡೆ, ಬೆನ್ನು, ಹೊಟ್ಟೆಯ ಬಾಯಿಂದ ಮಾತಾಡುತ್ತದೆಂದು ನಮಗೆ ಹೇಳಿದ್ದವರು ಯಾರು? ಭಾವನವರಿಗೆ ಕೈಕಾಲು ಆಡದೆ, ಪಕ್ಕದ ಮನೆಯ ಹುಡುಗನೇ ಕಾರಿನಲ್ಲಿ ಕೂರಿಸಿಕೊಂಡು ಹೋದ. ಹೃದಯದ ರಕ್ತನಾಳಗಳಲ್ಲಿ ಎರಡು ಕಡೆ ತಡೆ. ಎರಡು ಸ್ಟೆಂಟ್ ಹಾಕಿದರು.

ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಅಕ್ಕನ ಮಗಳ ಪಕ್ಕ ಕೂತಿದ್ದೆ. ಅವಳು ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರ ಪಾಠ ಮಾಡುವವಳು. ಕೇಳುವ ಮೊದಲೇ ನಾನೇ ಬಾಯಿಬಿಟ್ಟೆ. “ಮಾತ್ರೆ ಬಿಡು ಅಂತ ಹೇಳಿದ್ದು ನಾನೇ ಕಣೇ.”

“ಗೊತ್ತು ಚಿಕ್ಕಮ್ಮ. ಅಮ್ಮ ಹೇಳಿದ್ದಳು” ಎಂದಳು. ಅಷ್ಟೇ. ಬೈದಿದ್ದರೆ ಹಗುರವಾಗುತ್ತಿತ್ತೇನೋ. ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು: “ನಿನ್ನ ಆ ರಿಪೋರ್ಟ್ ಇದೆಯಾ?”

ಇತ್ತು. ಎಂಟು ತಿಂಗಳಿಂದ ಬ್ಯಾಗಿನಲ್ಲೇ ಇತ್ತು. ಯಾರಾದರೂ ಕೇಳಿದರೆ ತೋರಿಸಬೇಕಲ್ಲ! ಅವಳು ಔಷಧಿ ಅಂಗಡಿಯ ಬಿಲ್ಲಿನ ಹಿಂದೆ ಲೆಕ್ಕ ಮಾಡಿದಳು. ಬಹಳಷ್ಟು ಲ್ಯಾಬುಗಳಲ್ಲಿ ಎಲ್‌ಡಿಎಲ್ಲನ್ನು ನೇರವಾಗಿ ಅಳೆಯುವುದಿಲ್ಲವಂತೆ. ಒಟ್ಟು ಕೊಲೆಸ್ಟ್ರಾಲಿನಲ್ಲಿ ಎಚ್‌ಡಿಎಲ್ಲನ್ನು ಕಳೆದು, ಟ್ರೈಗ್ಲಿಸರೈಡಿನ ಐದನೇ ಒಂದು ಭಾಗವನ್ನೂ ಕಳೆದರೆ ಉಳಿದದ್ದೇ ಎಲ್‌ಡಿಎಲ್. 1972ರಿಂದ ನಡೆದು ಬಂದ ಲೆಕ್ಕ. ಜೂನಿನಲ್ಲಿ 238ರಲ್ಲಿ 40 ಹೋಯಿತು, 240ರ ಐದನೇ ಒಂದು ಭಾಗ 48 ಹೋಯಿತು. ಉಳಿದದ್ದು 150. ಸೆಪ್ಟೆಂಬರಿನಲ್ಲಿ 230ರಲ್ಲಿ 43 ಹೋಯಿತು, 185ರ ಐದನೇ ಒಂದು ಭಾಗ 37 ಹೋಯಿತು.

ಉಳಿದದ್ದು 150.

ಮೂರು ತಿಂಗಳು ಷೂ ಸವೆಸಿದ್ದೆ. ಆ ನೂರೈವತ್ತು ಕೂದಲೆಳೆಯಷ್ಟೂ ಅಲುಗಿರಲಿಲ್ಲ. ರಿಪೋರ್ಟಿನಲ್ಲಿ ಆ ಸಾಲು ಅಚ್ಚಾಗಿಯೇ ಇತ್ತು, ಪಕ್ಕದಲ್ಲಿ ನಕ್ಷತ್ರವೂ ಇತ್ತು. ನನಗೆ ಬೇಕಾದ ಸಾಲುಗಳನ್ನು ಓದಿ ಮಡಚಿಟ್ಟಿದ್ದೆ.

“ಹಾಗಾದರೆ ನಡೆದದ್ದೆಲ್ಲ ದಂಡವೇನೇ?” ಎಂದೆ.

ಅವಳು ಅಂದು ಹೇಳಿದ್ದನ್ನೂ, ಆಮೇಲೆ ನಾನು ಪಟ್ಟುಹಿಡಿದು ಕೇಳಿ ತಿಳಿದುಕೊಂಡದ್ದನ್ನೂ ಇಲ್ಲಿ ಒಟ್ಟಿಗೇ ಬರೆಯುತ್ತೇನೆ. “ಟ್ರೈಗ್ಲಿಸರೈಡ್ ಅಂದರೆ ಕಟ್ಟಿಗೆ ಚಿಕ್ಕಮ್ಮ, ಕೊಲೆಸ್ಟ್ರಾಲ್ ಅಂದರೆ ಇಟ್ಟಿಗೆ” ಎಂದಳು. ಟ್ರೈಗ್ಲಿಸರೈಡ್ ನಿಜವಾದ ಕೊಬ್ಬು, ದೇಹದ ಉರುವಲು. ನಡೆಯುವಾಗ ಕಾಲಿನ ಸ್ನಾಯುಗಳು ಅದನ್ನು ರಕ್ತದಿಂದ ಎಳೆದುಕೊಂಡು ಉರಿಸುತ್ತವೆ. ಹಾಗೆ ಎಳೆದುಕೊಳ್ಳಲು ಬೇಕಾದ ಕಿಣ್ವವೂ ನಡಿಗೆಯಿಂದ ಚುರುಕಾಗುತ್ತದೆ. ಕೊಲೆಸ್ಟ್ರಾಲ್ ಹಾಗಲ್ಲ. ಅದು ಜೀವಕೋಶಗಳ ಗೋಡೆ ಕಟ್ಟುವ, ಹಾರ್ಮೋನು ತಯಾರಿಸುವ ಸಾಮಗ್ರಿ. ಅದನ್ನು ಯಾವ ಸ್ನಾಯುವೂ ಉರಿಸಲಾರದು. ಒಲೆಗೆ ಇಟ್ಟಿಗೆ ಹಾಕಿ ಎಷ್ಟು ಊದಿದರೇನು? ರಕ್ತದಿಂದ ಎಲ್‌ಡಿಎಲ್ಲನ್ನು ಮುಖ್ಯವಾಗಿ ತೆಗೆಯಬೇಕಾದದ್ದು ಪಿತ್ತಜನಕಾಂಗ. ತೆಗೆದ ಕೊಲೆಸ್ಟ್ರಾಲಿನಲ್ಲಿ ಹೊರಗೆ ಹೋಗುವ ಪಾಲು ಪಿತ್ತರಸದ ದಾರಿ ಹಿಡಿಯಬೇಕು. ಅಲ್ಲಿಯ ಬಾಗಿಲುಗಳು ಎಷ್ಟು ತೆರೆದಿವೆ ಎಂಬುದನ್ನು ಹುಟ್ಟು, ವಯಸ್ಸು, ತಿನ್ನುವ ಬೆಣ್ಣೆ ತುಪ್ಪ ಇವು ನಿರ್ಧರಿಸುತ್ತವೆಯೇ ಹೊರತು ಕೆರೆಯ ಏರಿಯಲ್ಲ. ಅಕ್ಕ ನುಂಗುತ್ತಿದ್ದ ಮಾತ್ರೆ ಆ ಬಾಗಿಲುಗಳನ್ನು ತೆರೆಸುವಂಥದು. ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ಎಲ್‌ಡಿಎಲ್ ಮೊದಲಿನ ಜಾಗಕ್ಕೆ ಬಂದು ಕೂರುತ್ತದೆ. ವ್ಯಾಯಾಮದಿಂದ ‘ಕರಗಿತು’ ಎನ್ನುತ್ತೇವಲ್ಲ, ಆ ಮಾತೇ ನಮ್ಮನ್ನು ದಾರಿ ತಪ್ಪಿಸಿದ್ದು. ತುಪ್ಪ ಕರಗುವುದನ್ನು ನೋಡಿ ನೋಡಿ ಮೈಯೊಳಗಿನದೆಲ್ಲ ಹಾಗೆಯೇ ಎಂದುಕೊಂಡಿದ್ದೇವೆ.

ನನ್ನೊಬ್ಬಳ ಹಣೆಬರಹ ಹೀಗೋ ಎಂದರೆ ಅದೂ ಅಲ್ಲ. 2005ರಲ್ಲಿ ಅಮೆರಿಕದ ಕೆಲ್ಲಿ ಎಂಬ ಇಬ್ಬರು ಸಂಶೋಧಕರು, ತೂಕ ಹೆಚ್ಚಿರುವವರ ಮೇಲೆ ನಡೆದ ಹದಿಮೂರು ಪ್ರಯೋಗಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದ್ದರು. ಸುಮಾರು ಆರುನೂರು ಜನ. ಏರೋಬಿಕ್ ವ್ಯಾಯಾಮದಿಂದ ಅವರ ಟ್ರೈಗ್ಲಿಸರೈಡ್ ಸರಾಸರಿ 16 ಮಿಲಿಗ್ರಾಂನಷ್ಟು ಇಳಿದಿತ್ತು. ಎಲ್‌ಡಿಎಲ್ ಮಾತ್ರ ಇಳಿಯಿತು ಎಂದು ಹೇಳುವಷ್ಟು ಇಳಿದಿರಲಿಲ್ಲ. ಎಚ್‌ಡಿಎಲ್ ವಿಷಯದಲ್ಲಿ ಬೇರೊಂದು ಒಟ್ಟು ಲೆಕ್ಕ 2007ರಲ್ಲಿ ಬಂತು. ಏರಿಕೆ ಸರಾಸರಿ ಎರಡೂವರೆ ಮಿಲಿಗ್ರಾಂ, ಅದೂ ವಾರಕ್ಕೆ ಎರಡು ಗಂಟೆಯಾದರೂ ಮಾಡಿದವರಿಗೆ. ನನ್ನ ಮೂರು ಅಂಕ ಅಲ್ಲಿಗೆ ಸರಿಯಾಯಿತು. ನಾನು ಯಾವ ಪವಾಡವನ್ನೂ ಮಾಡಿರಲಿಲ್ಲ. ಟ್ರೈಗ್ಲಿಸರೈಡ್ ಅಷ್ಟೊಂದು ಇಳಿದದ್ದಕ್ಕೆ ದೋಸೆ ಬಿಟ್ಟದ್ದೂ ಕಾರಣವಿರಬೇಕು. ತೂಕ ಇಳಿದದ್ದು ಒಂದೂವರೆ ಕಿಲೋ. ನನ್ನ ಗಾತ್ರದವಳು ಮುಕ್ಕಾಲು ಗಂಟೆ ಬೀಸಾಗಿ ನಡೆದರೆ ಸುಮಾರು 200 ಕ್ಯಾಲೊರಿ ಖರ್ಚು. ನಮ್ಮೂರಿನ ಒಂದು ಬೆಣ್ಣೆ ದೋಸೆ ಅದನ್ನು ಕೂತ ಜಾಗದಲ್ಲೇ ವಾಪಸು ಕೊಡುತ್ತದೆ.

ಆದರೂ ದಂಡವಲ್ಲ ಎಂದಳು ಹುಡುಗಿ. ಡ್ಯೂಕ್ ವಿಶ್ವವಿದ್ಯಾಲಯದವರು 2002ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವನ್ನು ತೋರಿಸಿದಳು. ಕೂತೇ ಅಭ್ಯಾಸವಾಗಿದ್ದ, ತೂಕ ಹೆಚ್ಚಿದ್ದ 111 ಮಂದಿಯನ್ನು ಸೇರಿಸಿಕೊಂಡು, ಕೆಲವರನ್ನು ವಾರಕ್ಕೆ 19 ಕಿಲೋಮೀಟರಿನಷ್ಟು ನಡೆಸಿದರು, ಕೆಲವರನ್ನು ಅಷ್ಟೇ ದೂರ ಓಡಿಸಿದರು, ಕೆಲವರನ್ನು 32 ಕಿಲೋಮೀಟರಿನಷ್ಟು ಓಡಿಸಿದರು, ಇನ್ನು ಕೆಲವರನ್ನು ಸುಮ್ಮನೆ ಬಿಟ್ಟರು. ಎಲ್‌ಡಿಎಲ್ ಅಂಕಿ ಅಲ್ಲಿಯೂ ಕದಲಲಿಲ್ಲ. ಆದರೆ ಒಳಹೊಕ್ಕು ನೋಡಿದರೆ, ಹೆಚ್ಚು ಕೇಡಿನದೆಂದು ಎಣಿಸುವ ಸಣ್ಣ ಸಣ್ಣ ಎಲ್‌ಡಿಎಲ್ ಕಣಗಳು ಕಡಿಮೆಯಾಗಿದ್ದವು. ಹೆಚ್ಚು ದೂರ ಹೋದವರಿಗೆ ಹೆಚ್ಚು ಲಾಭ. ವೇಗಕ್ಕಿಂತ ದೂರವೇ ಮುಖ್ಯವಾಗಿತ್ತು. ಬರೀ ನಡೆದವರೂ ಸುಮ್ಮನೆ ಕೂತವರಿಗಿಂತ ಮೇಲಾಗಿದ್ದರು. ಆ ಕಣಗಳ ಲೆಕ್ಕ ನಮ್ಮ ಸಾಮಾನ್ಯ ರಿಪೋರ್ಟಿನಲ್ಲಿ ಅಚ್ಚಾಗುವುದಿಲ್ಲ.

ಇಷ್ಟೆಲ್ಲ ತಿಳಿದೂ ನಾನು ನಡೆಯುವುದನ್ನು ಬಿಟ್ಟುಬಿಟ್ಟೆ. ಷೂ ಕಂಡರೆ ಸಿಟ್ಟು ಬರುತ್ತಿತ್ತು. ಅಕ್ಕನ ದವಡೆ ನೋವು ಆ ಷೂಗಳಿಂದಲೇ ಬಂದಂತೆ ಅನ್ನಿಸುತ್ತಿತ್ತು. ಎರಡು ತಿಂಗಳು ಮನೆಯೊಳಗೇ ಕೂತೆ. ಲಂಗದ ಲಾಡಿ ನಡೆಯುತ್ತಿದ್ದಾಗ ಎರಡಂಗುಲ ಒಳಗೆ ಬಂದಿತ್ತು, ಅದು ತನ್ನ ಹಳೆಯ ಗಂಟಿಗೆ ಮರಳಿತು. ಆಗಸ್ಟಿನಲ್ಲಿ ಹೋಗಲೇಬೇಕೆಂದು ಡಾಕ್ಟರಮ್ಮನ ಬಳಿಗೆ ಹೋದೆ. ಟ್ರೈಗ್ಲಿಸರೈಡ್ 231! ಒಂದು ದಿನ ನಡೆದದ್ದರ ಫಲ ಒಂದೆರಡು ದಿನಕ್ಕಷ್ಟೇ ಇರುತ್ತದಂತೆ. ಹಾಲಿನ ಹಾಗೆ ದಿನಾ ತರಬೇಕು, ಅಕ್ಕಿಯ ಹಾಗೆ ಮೂಟೆ ಕಟ್ಟಿ ಇಡುವಂಥದ್ದಲ್ಲ.

ಹಿಂದಿನ ರಿಪೋರ್ಟನ್ನು ಯಾಕೆ ತೋರಿಸಲಿಲ್ಲ ಎಂದು ಡಾಕ್ಟರಮ್ಮ ಕೇಳಿದರು. ಗೆದ್ದೆ ಎಂದುಕೊಂಡಿದ್ದೆ ಎಂದೆ. ಒಡಹುಟ್ಟಿದವಳಿಗೆ ಹೀಗಾದ ಮೇಲೆ ನನ್ನ ಲೆಕ್ಕವೂ ಬದಲಾಯಿತೆಂದು ಮಾತ್ರೆ ಬರೆದುಕೊಟ್ಟರು. “ನಡಿಗೆಯ ಬದಲಿಗೆ ಅಲ್ಲ, ನಡಿಗೆಯ ಜೊತೆಗೆ” ಎಂದು ಎರಡು ಸಲ ಹೇಳಿದರು. ಮೂರು ತಿಂಗಳಾದ ಮೇಲೆ ಎಲ್‌ಡಿಎಲ್ 92ಕ್ಕೆ ಬಂತು. ಆ ಚಿಕ್ಕ ಮಾತ್ರೆಯ ಮೂಲವನ್ನು ಎಪ್ಪತ್ತರ ದಶಕದಲ್ಲಿ ಜಪಾನಿನ ಅಕಿರಾ ಎಂಡೊ ಕಂಡುಹಿಡಿದದ್ದು ಒಂದು ಬೂಷ್ಟಿನಲ್ಲಿ, ಅದೂ ಕ್ಯೋಟೋ ನಗರದ ದಿನಸಿ ಅಂಗಡಿಯೊಂದರ ಅಕ್ಕಿಯಿಂದ ಸಿಕ್ಕಿದ ಬೂಷ್ಟಿನಲ್ಲಿ. ಮಳೆಗಾಲದಲ್ಲಿ ಅಕ್ಕಿ ಡಬ್ಬ ತೆರೆದು ಮುಖ ಕಿವುಚುವಾಗೆಲ್ಲ ನನಗೆ ಆ ಮಹಾನುಭಾವರ ನೆನಪಾಗುತ್ತದೆ.

ಅಕ್ಕನಿಗೂ ಡಾಕ್ಟರು ಮಾತ್ರೆಗಳ ಜೊತೆಗೆ ಬರೆದುಕೊಟ್ಟದ್ದು ನಡಿಗೆಯನ್ನೇ. ಮೊದಲು ಮನೆಯೊಳಗೆ ಐದು ನಿಮಿಷ, ಆಮೇಲೆ ಓಣಿಯ ತುದಿಯವರೆಗೆ, ಹೀಗೆ ವಾರ ವಾರಕ್ಕೆ ಏರಿಸುತ್ತ. ತೊಡೆ ನೋವಿನ ವಿಷಯವನ್ನು ಅವಳು ಆ ಎರಡು ವರ್ಷ ಯಾವ ಡಾಕ್ಟರಿಗೂ ಹೇಳಿರಲೇ ಇಲ್ಲ. ನನಗೊಬ್ಬಳಿಗೆ ಹೇಳಿದ್ದಳು. ಈಗ ಹೇಳಿದಾಗ ಬೇರೆ ಮಾತ್ರೆಗೆ ಬದಲಿಸಿದರು, ನೋವು ತಡೆಯುವಷ್ಟಕ್ಕೆ ಬಂತು. ಮಾತ್ರೆ ಬಿಟ್ಟದ್ದರಿಂದಲೇ ಹೀಗಾಯಿತೇ ಎಂದು ಅಲ್ಲಿಯ ಡಾಕ್ಟರನ್ನು ನಾನು ಬಾಗಿಲ ಬಳಿ ತಡೆದು ಕೇಳಿದ್ದೆ. ಅವರು ನನ್ನ ಮುಖ ನೋಡಿ, ಒಬ್ಬರ ವಿಷಯದಲ್ಲಿ ಹಾಗೆ ಖಚಿತವಾಗಿ ಯಾರೂ ಹೇಳಲಾರರು, ಬಿಡಬಾರದಿತ್ತು ಎಂದಷ್ಟೇ ಹೇಳಬಹುದು ಎಂದರು.

ಆ ವರ್ಷದ ದೀಪಾವಳಿಗೆ ಅಕ್ಕ ನಮ್ಮಲ್ಲಿಗೆ ಬಂದಿದ್ದಳು. ಬೆಳಿಗ್ಗೆ ನಾನು ಷೂ ಹಾಕಿಕೊಳ್ಳುವಾಗ ಅವಳೂ ತನ್ನದನ್ನು ತಂದಳು. ಕೆರೆಯ ಏರಿಯ ಮೇಲೆ ಅವಳ ಹೆಜ್ಜೆಗೆ ನನ್ನ ಹೆಜ್ಜೆ ಕೂಡಿಸಿ ನಿಧಾನವಾಗಿ ನಡೆದೆ. ಹಳೆಯ ಗುಂಪಿನವರು ನಮ್ಮನ್ನು ದಾಟಿ ಮುಂದೆ ಹೋದರು! ಅರ್ಧ ದಾರಿಯಲ್ಲಿ ನಿಂತು, ಕೊನೆಗೂ ಕೇಳಿದೆ.

“ನನ್ನ ಮೇಲೆ ಸಿಟ್ಟಿಲ್ಲವೇನೇ ಅಕ್ಕ?”

“ಬಿಡಬೇಕು ಅಂತ ನನಗೇ ಇತ್ತು ಕಣೇ. ಯಾರಾದರೂ ಹೇಳಲಿ ಅಂತ ಕಾಯ್ತಾ ಇದ್ದೆ. ನೀನು ಹೇಳಿದೆ” ಎಂದಳು. ಸ್ವಲ್ಪ ಉಸಿರು ತಿರುಗಿಸಿಕೊಂಡು, “ಬೇರೆ ಯಾರು ಹೇಳಿದ್ದರೂ ಬಿಡ್ತಿರಲಿಲ್ಲ, ಅದೂ ನಿಜ” ಎಂದಳು.

ಈಗ ರಾತ್ರಿ ಒಂಬತ್ತೂವರೆಗೆ ನಮ್ಮಿಬ್ಬರ ನಡುವೆ ಒಂದು ಫೋನು ಇದ್ದೇ ಇರುತ್ತದೆ. ಒಂದು ನಿಮಿಷದ ಮಾತು.

“ಮಾತ್ರೆ?”

“ಆಯಿತು. ನಿಂದು?”

“ಆಯಿತು. ನಡೆದ್ಯಾ?”

“ಇವತ್ತು ಮಳೆ ಕಣೇ. ಹಜಾರದಲ್ಲೇ ಅರ್ಧ ಗಂಟೆ ಸುತ್ತಿದೆ. ನಿಮ್ಮ ಭಾವನಿಗೆ ತಲೆ ತಿರುಗಿತಂತೆ.”